ಬೆಳಗಿನ ಒಂದು ಗಂಟೆಯ ಬೆಲೆ

ಹಾಲಿನ ಡೇರಿಯ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿದರೆ ಸಾಕು, ಸರದಿ ಸಾಲಿನ ಗುಟ್ಟು ತಿಳಿಯುತ್ತದೆ. ಬಾಗಿಲು ತೆಗೆಯುವ ಹೊತ್ತಿಗೆ ಕ್ಯಾನು ಹಿಡಿದು ಬಂದವರು ಹಾಲು ಅಳೆಸಿ, ಫ್ಯಾಟು ನೋಡಿಸಿ, ಹತ್ತು ನಿಮಿಷದಲ್ಲಿ ಮನೆ ಸೇರುತ್ತಾರೆ. ಕಾಲು ಗಂಟೆ ತಡವಾಗಿ ಬಂದವರು ಅರ್ಧ ಗಂಟೆ ಕಾಯುತ್ತಾರೆ. ತಡವಾದದ್ದು ಕಾಲು ಗಂಟೆ, ಕಳೆದದ್ದು ಅದರ ಎರಡರಷ್ಟು.

ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರಿನ ಮಕ್ಕಳಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ರಜೆಯಲ್ಲಿ ಮನೆಮಂದಿಯೆಲ್ಲ ಬಿಡದಿಯ ಬಳಿಯ ವಂಡರ್‌ಲಾಗೆ ಹೊರಟಾಗ ಈ ಪಾಠ ಹೇಗೋ ಮರೆತುಹೋಗುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಪಾರ್ಕಿನ ಬಾಗಿಲು ತಲುಪಿ, ಸಂಜೆಯೊಳಗೆ ನಾಲ್ಕೇ ಆಟ ಆಡಿ, ‘ದುಡ್ಡು ದಂಡವಾಯಿತು’ ಎಂದು ಗೊಣಗುತ್ತ ಹಿಂದಿರುಗುವ ಸಂಸಾರಗಳಿಗೆ ಲೆಕ್ಕವಿಲ್ಲ.

ಹಾಗೆ ಹೊರಟಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ, ಅಮ್ಮ, ಎಂಟನೇ ತರಗತಿಯ ಮಗಳು, ಐದನೇ ತರಗತಿಯ ಮಗ, ಜೊತೆಗೆ ಅಜ್ಜಿ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಎರಡು ಹೊತ್ತು ಹಾಲು ಕರೆಯಲು ಪಕ್ಕದ ಮನೆಯವರು ಒಪ್ಪಿದ್ದಾರೆ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅಂದರೆ ಹೊರಗೆ ತಂಗಲು ಸಿಗುವುದು ಒಂದೇ ರಾತ್ರಿ. ಕೈಯಲ್ಲಿರುವುದು ಹಾಲಿನ ಬಿಲ್ಲಿನಿಂದ ಕೂಡಿಟ್ಟ ಹಣ. ಇಂಥ ಮನೆಗೆ ಎರಡು ಪ್ರಶ್ನೆಗಳು: ಆ ಒಂದು ರಾತ್ರಿ ಯಾವುದಾಗಬೇಕು? ಎಲ್ಲಿ ಉಳಿದುಕೊಳ್ಳಬೇಕು?

ಬೆಂಗಳೂರೇ ದೊಡ್ಡ ಕ್ಯೂ

ವಂಡರ್‌ಲಾ ಬೆಂಗಳೂರಿಗೆ ಬಂದದ್ದು 2005ರಲ್ಲಿ. ಅದರ ಪಕ್ಕದಲ್ಲೇ ಸಂಸ್ಥೆಯ ಸ್ವಂತ ರೆಸಾರ್ಟ್ 2012ರಲ್ಲಿ ಆರಂಭವಾಯಿತು. ಪಾರ್ಕ್ ಇರುವುದು ನಗರದ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಕಡೆ. ಲಕ್ಕೂರು ಇರುವುದು ನಗರದ ಪೂರ್ವಕ್ಕೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರೆಲ್ಲ ಇಡೀ ಬೆಂಗಳೂರನ್ನು ಅಡ್ಡ ದಾಟಿಯೇ ಅಲ್ಲಿಗೆ ಹೋಗಬೇಕು. ಪಾರ್ಕಿನೊಳಗಿನ ಸಾಲಿಗಿಂತ ದೊಡ್ಡ ಸಾಲು ದಾರಿಯಲ್ಲೇ ಇದೆ.

ಸ್ವಂತ ಕಾರು ಅಥವಾ ಬಾಡಿಗೆ ವಾಹನ ಇದ್ದವರು ಎಲೆಕ್ಟ್ರಾನಿಕ್ ಸಿಟಿಯ ಕಡೆ ಬಂದು, ಅಲ್ಲಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆ ಸೇರಬಹುದು. ಟೋಲ್ ಕಟ್ಟಬೇಕು, ಆದರೆ ನಗರದ ನಡುವೆ ಸಿಕ್ಕಿಬೀಳುವುದು ತಪ್ಪುತ್ತದೆ. ರೈಲಿನವರಿಗೆ ಈಗ ಇನ್ನೊಂದು ಅನುಕೂಲವಿದೆ. ಮೆಟ್ರೊ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾಯಿತು. ಮಾಲೂರಿನಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿದರೆ ಮೆಟ್ರೊ ನಿಲ್ದಾಣ ಹತ್ತಿರದಲ್ಲೇ ಇದೆ. ಅಲ್ಲಿ ಕುಳಿತರೆ ನಗರದ ಇನ್ನೊಂದು ತುದಿ, ಮೈಸೂರು ರಸ್ತೆಯ ಚಲ್ಲಘಟ್ಟ. ಅಲ್ಲಿಂದ ಬಿಡದಿ ಕಡೆಗೆ ಬಸ್ಸು, ಕೊನೆಗೆ ಆಟೊ.

ಆದರೆ ಎಣಿಸಿ ನೋಡಿ: ಊರಿನ ಬಸ್ಸು, ರೈಲು, ಮೆಟ್ರೊ, ಮತ್ತೊಂದು ಬಸ್ಸು, ಆಟೊ. ಐದು ಕೊಂಡಿಗಳ ಸರಪಳಿ. ಒಂದು ಕೊಂಡಿ ಕಳಚಿದರೂ ಒಂದು ಗಂಟೆ ಹೋಯಿತು. ಅಜ್ಜಿಯನ್ನೂ ಮಕ್ಕಳನ್ನೂ ನಸುಕಿನಲ್ಲಿ ಎಬ್ಬಿಸಿ ಹೊರಟರೆ ಪಾರ್ಕ್ ತಲುಪುವ ಹೊತ್ತಿಗೇ ಅರ್ಧ ಸುಸ್ತು.

ಹಿಂದಿನ ರಾತ್ರಿಯೋ ಮುಂದಿನ ರಾತ್ರಿಯೋ?

ಬಹಳ ಮಂದಿ ಯೋಚಿಸುವುದು ಹೀಗೆ: ಬೆಳಿಗ್ಗೆ ಮನೆಯಿಂದ ಹೋಗೋಣ, ಆಡಿ ದಣಿದ ಮೇಲೆ ಅಲ್ಲೇ ಮಲಗೋಣ. ಕೇಳಲು ಸರಿಯಾಗಿಯೇ ಇದೆ. ಆದರೆ ಹಾಲು ಕರೆಯುವ ಲೆಕ್ಕ ಎರಡರಲ್ಲೂ ಒಂದೇ, ಎರಡು ಹೊತ್ತು ಮಾತ್ರ. ಲಾಡ್ಜಿನ ಖರ್ಚೂ ಅಷ್ಟೇ. ವ್ಯತ್ಯಾಸ ಇರುವುದು ಆ ಹಣಕ್ಕೆ ಏನು ಸಿಗುತ್ತದೆ ಎಂಬುದರಲ್ಲಿ. ಆಟದ ನಂತರದ ರಾತ್ರಿ ಉಳಿದರೆ ಸಿಗುವುದು ನಿದ್ದೆ. ಹಿಂದಿನ ರಾತ್ರಿ ಉಳಿದರೆ ನಿದ್ದೆಯ ಜೊತೆಗೆ ಬೆಳಗಿನ ಮೊದಲ ಗಂಟೆ. ಮನೆಯ ಬಾಗಿಲು ಯಾವ ಹೊತ್ತಿಗೆ ಹೋದರೂ ತೆರೆಯುತ್ತದೆ. ಪಾರ್ಕಿನ ಬಾಗಿಲು ತೆರೆಯುವುದು ಒಂದೇ ಹೊತ್ತಿಗೆ.

ಆದ್ದರಿಂದ ಸಂಜೆಯ ಹಾಲು ಕರೆದು, ಡೇರಿಗೆ ಹಾಕಿ, ಆಮೇಲೆ ಹೊರಡುವುದು ಒಳ್ಳೆಯದು. ಮಾರನೆಯ ರಾತ್ರಿ ಹಿಂದಿರುಗಲು ಮಾಲೂರಿಗೆ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಸ್ಟೇಷನ್ನಿನಿಂದ ಊರಿಗೆ ಆ ಹೊತ್ತಿನಲ್ಲಿ ಬಸ್ಸು ಇರುವುದಿಲ್ಲ. ಪರಿಚಯದ ಆಟೊದವರಿಗೆ ಹೇಳಿಟ್ಟಿರಬೇಕು.

ಇನ್ನು ಎಲ್ಲಿ ಉಳಿಯುವುದು? ಊರಿನಿಂದ ಹೋದವರ ಕಾಲು ತಾನಾಗಿಯೇ ಮೆಜೆಸ್ಟಿಕ್ ಕಡೆ ತಿರುಗುತ್ತದೆ. ಅಲ್ಲಿ ಲಾಡ್ಜುಗಳು ಧಾರಾಳ. ಆದರೆ ಮೆಜೆಸ್ಟಿಕ್‌ನಲ್ಲಿ ಮಲಗಿದರೆ ಅರ್ಧ ನಗರ ದಾಟುವ ಕೆಲಸ ಬೆಳಿಗ್ಗೆಗೆ ಉಳಿದೇ ಇರುತ್ತದೆ. ಕೆಂಗೇರಿಯಲ್ಲೋ ಬಿಡದಿಯಲ್ಲೋ ಸಾಧಾರಣ ರೂಮು ಸಿಕ್ಕರೂ ಸರಿ, ನಗರ ಹಿಂದೆ ಬಿದ್ದಿರುತ್ತದೆ. ಕೆಂಗೇರಿಯಲ್ಲಿ ನೆಂಟರ ಮನೆಯಿದ್ದರಂತೂ ಬೇರೆ ಮಾತೇ ಬೇಡ. ಪಾರ್ಕಿನ ರೆಸಾರ್ಟ್ ಎಲ್ಲಕ್ಕಿಂತ ಹತ್ತಿರ, ಬಾಡಿಗೆಯೂ ಅದಕ್ಕೆ ತಕ್ಕ ಹಾಗೆ. ವಿಶ್ರಾಂತಿಯೇ ಮುಖ್ಯವಾದವರಿಗೆ ಅದು ಸರಿ. ಹಗಲೆಲ್ಲ ಪಾರ್ಕಿನಲ್ಲೇ ಕಳೆಯುವವರು ರೂಮಿನ ಅಂದಕ್ಕೆ ಹಣ ಕೊಟ್ಟು ಏನು ಮಾಡುತ್ತಾರೆ?

ಫೋಟೊ ನೋಡಿ ಹೋಟೆಲ್ ಆರಿಸಬೇಡಿ. ಫೋನ್ ಮಾಡಿ ಐದು ಪ್ರಶ್ನೆ ಕೇಳಿ. ಒಂದು, ಪಾರ್ಕಿನ ಬಾಗಿಲಿಗೆ ಎಷ್ಟು ನಿಮಿಷ? ಎಷ್ಟು ಕಿಲೋಮೀಟರ್ ಎಂದಲ್ಲ, ಎಷ್ಟು ನಿಮಿಷ. ಎರಡು, ಬೆಳಿಗ್ಗೆ ತಿಂಡಿ ಎಷ್ಟು ಹೊತ್ತಿಗೆ ಸಿಗುತ್ತದೆ? ಮೂರು, ಚೆಕ್-ಔಟ್ ಹೇಗೆ, ಬಂದ ಹೊತ್ತಿನಿಂದ 24 ಗಂಟೆಯೋ, ಮಧ್ಯಾಹ್ನ 12ಕ್ಕೋ? ಎರಡನೆಯದಾದರೆ ರೂಮು ಬಿಟ್ಟ ಮೇಲೆ ಸಂಜೆಯವರೆಗೆ ಚೀಲ ಇಟ್ಟುಕೊಳ್ಳುತ್ತಾರೆಯೇ? ನಾಲ್ಕು, ಐದು ಜನಕ್ಕೆ ಒಂದೇ ರೂಮು ಕೊಡುತ್ತಾರೆಯೇ, ಹೆಚ್ಚುವರಿ ಹಾಸಿಗೆಗೆ ಎಷ್ಟು? ಐದು, ಅಜ್ಜಿಗೆ ನೆಲಮಹಡಿಯ ರೂಮು ಅಥವಾ ಲಿಫ್ಟ್ ಇದೆಯೇ? ಈ ಐದಕ್ಕೂ ನೇರ ಉತ್ತರ ಕೊಡುವ ಹೋಟೆಲ್ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ.

ಸಾಲಿಗೂ ಒಂದು ಗಣಿತ

ಸಾಲಿನ ಬಗ್ಗೆ ಮೊದಲು ಗಂಭೀರವಾಗಿ ಲೆಕ್ಕ ಹಾಕಿದವರು ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಅವರು, ಕರೆ ಮಾಡುವವರು ಎಷ್ಟು ಕಾಯಬೇಕಾಗುತ್ತದೆ ಎಂಬುದರ ಬಗ್ಗೆ ಬರೆಯತೊಡಗಿದ್ದು 1909ರಲ್ಲಿ. ಜಗತ್ತಿನ ಹಳೆಯ ವಿನೋದ ಉದ್ಯಾನಗಳಲ್ಲೊಂದಾದ ಟಿವೊಲಿ ಇರುವುದೂ ಅದೇ ಊರಿನಲ್ಲಿ. ಅದು 1843ರಷ್ಟು ಹಳೆಯದು. ಮುಂದೆ 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಒಂದು ಸರಳ ನಿಯಮವನ್ನು ಸಾಧಿಸಿ ತೋರಿಸಿದರು. ಐದನೇ ತರಗತಿಯ ಹುಡುಗನೂ ಬಳಸಬಹುದಾದಷ್ಟು ಸುಲಭದ ನಿಯಮ ಅದು: ಸಾಲಿನಲ್ಲಿರುವ ಜನರ ಸಂಖ್ಯೆಯನ್ನು, ನಿಮಿಷಕ್ಕೆ ಒಳಗೆ ಹೋಗುವವರ ಸಂಖ್ಯೆಯಿಂದ ಭಾಗಿಸಿದರೆ ಕಾಯಬೇಕಾದ ನಿಮಿಷ ಸಿಗುತ್ತದೆ.

ಒಂದು ಉದಾಹರಣೆ. ಒಂದು ಆಟದಲ್ಲಿ ಒಮ್ಮೆಗೆ 24 ಜನ ಕೂರುತ್ತಾರೆ ಎನ್ನಿ. ಹತ್ತಿಸಿ, ಆಡಿಸಿ, ಇಳಿಸಲು 4 ನಿಮಿಷ. ಅಂದರೆ ನಿಮಿಷಕ್ಕೆ 6 ಜನ. ಮುಂದೆ 180 ಜನ ನಿಂತಿದ್ದರೆ 30 ನಿಮಿಷ ಕಾಯಬೇಕು. ಅದೇ ಆಟಕ್ಕೆ ಬಾಗಿಲು ತೆಗೆದ ಕೂಡಲೇ ಹೋಗಿ, ಮುಂದೆ 24 ಜನ ಮಾತ್ರ ಇದ್ದರೆ 4 ನಿಮಿಷ.

ಸಾಲು ಬೆಳೆಯುವುದು ಹೇಗೆ? ನಿಮಿಷಕ್ಕೆ 6 ಜನ ಒಳಗೆ ಹೋಗುವ ಕಡೆ 8 ಜನ ಬಂದು ಸೇರುತ್ತಿದ್ದರೆ ಪ್ರತಿ ನಿಮಿಷ ಇಬ್ಬರು ಉಳಿಯುತ್ತಾರೆ. ಒಂದು ಗಂಟೆಗೆ 120 ಜನ. ಆಗ ಬಂದವರಿಗೆ 20 ನಿಮಿಷದ ಕಾಯುವಿಕೆ. ಬರುವವರು ಸ್ವಲ್ಪವೇ ಹೆಚ್ಚಾದರೂ ಸಾಲು ಬಹಳ ಬೆಳೆಯುತ್ತದೆ. ಮೊದಲ ಗಂಟೆಗೆ ಅಷ್ಟೊಂದು ಬೆಲೆ ಇರುವುದು ಇದಕ್ಕೇ.

ವಾರದ ದಿನಗಳಲ್ಲಿ ಇಲ್ಲಿ ಆಟಗಳು ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ಆರಂಭ. ನೀರಿನ ಆಟಗಳು ಇನ್ನೂ ಸ್ವಲ್ಪ ತಡ. ಸಮಯ ಬದಲಾಗುವುದುಂಟು, ಹೊರಡುವ ಮುನ್ನ ಕೇಳಿ ತಿಳಿಯಬೇಕು. ಟಿಕೆಟ್ ಮೊದಲೇ ಇಂಟರ್‌ನೆಟ್‌ನಲ್ಲಿ ಕೊಂಡರೆ ಕೌಂಟರಿನ ಒಂದು ಸಾಲು ತಪ್ಪಿತು. ಒಳಗೆ ಹೋದವರು ಬಾಗಿಲ ಬಳಿಯ ಮೊದಲ ಆಟಕ್ಕೇ ಮುಗಿಬೀಳುತ್ತಾರೆ. ಅದನ್ನು ಬಿಟ್ಟು ದೂರದ ದೊಡ್ಡ ಆಟದಿಂದ ಆರಂಭಿಸಬೇಕು. ಎಲ್ಲರೂ ಊಟಕ್ಕೆ ಕೂರುವ ಮೊದಲೇ ಊಟ ಮುಗಿಸಬೇಕು. ಮಧ್ಯಾಹ್ನದ ಮೇಲೆ ಜನವೆಲ್ಲ ನೀರಿನಲ್ಲಿ ಇರುವಾಗ ನೆಲದ ಆಟಗಳ ಸಾಲು ಕರಗುತ್ತದೆ. ನೀರಿಗೆ ಬೇಗ ಇಳಿದು ಬೇಗ ಎದ್ದವರಿಗೆ ಅದು ಲಾಭ. ನೀರಿಗೆ ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ಬಟ್ಟೆ ಮನೆಯಿಂದಲೇ ಒಯ್ದರೆ ಅಲ್ಲಿ ಕೊಳ್ಳುವ ಖರ್ಚು ಉಳಿಯಿತು.

ದಿನದ ಆಯ್ಕೆಯೂ ಅಷ್ಟೇ ಮುಖ್ಯ. ಭಾನುವಾರಕ್ಕಿಂತ ಮಂಗಳವಾರ, ಬುಧವಾರ ಲೇಸು. ದಸರಾ ರಜೆಯಲ್ಲೂ ಹಬ್ಬಕ್ಕೆ ಅಂಟಿದ ದಿನಗಳನ್ನು ಬಿಟ್ಟು ನಡುವಿನ ವಾರದ ದಿನ ಹಿಡಿಯಬೇಕು. ಚಳಿಗಾಲದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ವಾರದ ದಿನಗಳಲ್ಲೇ ಬರುತ್ತವೆ ಎಂಬುದೂ ನೆನಪಿರಲಿ.

ದುಡ್ಡು ಕೊಟ್ಟು ಮುಂದೆ ಹೋಗುವುದು

ಹೆಚ್ಚು ಹಣ ಕೊಟ್ಟು ಫಾಸ್ಟ್‌ಟ್ರ್ಯಾಕ್ ಟಿಕೆಟ್ ಕೊಂಡರೆ ಚಿಕ್ಕ ಸಾಲಿನಲ್ಲಿ ಹೋಗಬಹುದು. ಅಮೆರಿಕದ ಡಿಸ್ನಿ ಪಾರ್ಕಿನವರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದಕ್ಕೆ ಹಣವಿರಲಿಲ್ಲ. ಇಂಥ ಹೊತ್ತಿಗೆ ಬನ್ನಿ ಎಂಬ ಚೀಟಿ ಕೊಡುತ್ತಿದ್ದರು, ಅಷ್ಟೇ. ತಿರುಪತಿಗೆ ಹೋಗಿ ಬರುವ ಕೋಲಾರದ ಕಡೆಯವರಿಗೆ ದರ್ಶನದ ಸಮಯ ಬರೆದ ಟೋಕನ್ ಗೊತ್ತಿರುವ ಸಂಗತಿಯೇ. ಡಿಸ್ನಿಯಲ್ಲಿ 2021ರಲ್ಲಿ ಆ ಉಚಿತ ಪದ್ಧತಿ ಹೋಗಿ ಹಣ ಕೊಡುವ ಪದ್ಧತಿ ಬಂತು.

ಐದು ಜನರ ಮನೆಗೆ ಇದು ಬೇಕೇ? ಭಾನುವಾರವೇ ಹೋಗಬೇಕಾದ ಅನಿವಾರ್ಯ ಇದ್ದವರು ಯೋಚಿಸಬಹುದು. ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೆ ನಿಂತವರಿಗೆ ಆ ಹಣ ಉಳಿಯುತ್ತದೆ. ದೊಡ್ಡ ಆಟ ಆಡದ ಅಜ್ಜಿಗಂತೂ ಅದು ದಂಡವೇ. ಹಿರಿಯರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ವಯಸ್ಸಿನ ದಾಖಲೆ ಒಯ್ಯಬೇಕು.

ಹಣ ಕೊಡದೆ ಮುಂದೆ ಹೋಗುವ ಇನ್ನೊಂದು ದಾರಿಯೂ ಇದೆ. ಕಂಬಿಯ ಕೆಳಗೆ ಮಗನನ್ನು ನುಸುಳಿಸಿ, ‘ನಮ್ಮ ಹುಡುಗ ಮುಂದಿದ್ದಾನೆ ಸಾರ್’ ಎಂದು ಹಿಂದೆಯೇ ಐದು ಜನ ನುಗ್ಗುವುದು. ಇದರಿಂದ ಉಳಿಯುವುದು ಇಪ್ಪತ್ತು ನಿಮಿಷ. ಹಿಂದೆ ನಿಂತವರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಆ ಹುಡುಗ. ನಾಳೆ ಡೇರಿಯ ಸಾಲಿನಲ್ಲಿ ಅವನ ಮುಂದೆ ಯಾರಾದರೂ ಕ್ಯಾನು ತೂರಿಸಿದರೆ ಅವನಿಗೆ ಕೇಳಲು ಬಾಯಿರುವುದಿಲ್ಲ. ಬದಲಿಗೆ ಅವನ ಕೈಗೆ ಗಡಿಯಾರ ಕೊಟ್ಟು, ಅಕ್ಕನ ಕೈಗೆ ಪೆನ್ನು ಪುಸ್ತಕ ಕೊಟ್ಟು, ಯಾವ ಸಾಲು ಎಷ್ಟು ನಿಮಿಷ ಎಂದು ಲೆಕ್ಕ ಹಾಕಲು ಬಿಡಿ. ಯಾವ ಆಟ ಮೊದಲು ಎಂದು ಅವರೇ ತೀರ್ಮಾನಿಸಲಿ. ಲೆಕ್ಕ ಹಾಕುತ್ತ ನಿಂತವರಿಗೆ ಕಾಯುವುದು ಅಷ್ಟು ಭಾರವೆನಿಸುವುದಿಲ್ಲ.

ಹೊರಡುವ ಮುನ್ನ ಮನೆಯಲ್ಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಜೋರಾದ ಕೆಲವು ಆಟಗಳಿಗೆ 140 ಸೆಂಟಿಮೀಟರ್ ಎತ್ತರ ಇರಲೇಬೇಕು. ಅದು ಸುರಕ್ಷತೆಯ ನಿಯಮ. ಬೇಡಿದರೂ ಅತ್ತರೂ ಬಿಡುವುದಿಲ್ಲ, ಬಿಡಲೂ ಬಾರದು. ಅರ್ಧ ಗಂಟೆ ನಿಂತು, ಸರದಿ ಬಂದಾಗ ‘ನೀನು ಆಗಲ್ಲ ಪುಟ್ಟ’ ಎನ್ನಿಸಿಕೊಂಡ ಹುಡುಗನಿಗೆ ಆ ದಿನವೇ ಕೆಟ್ಟಂತೆ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೆರೆ 136ಕ್ಕೆ ಬಂದರೆ ಆ ಆಟ ಅಕ್ಕನಿಗೆ, ಅವನಿಗೆ ಅಪ್ಪನ ಜೊತೆ ಬೇರೆ ಆಟ ಎಂದು ಮನೆಯಲ್ಲೇ ತೀರ್ಮಾನವಾಗಲಿ. ಅದಕ್ಕೆ ಅಳುವುದಾದರೆ ಅವನು ಮನೆಯಲ್ಲೇ ಅತ್ತು ಮುಗಿಸುತ್ತಾನೆ. ಮುಂದಿನ ವರ್ಷ ಆ ಗೆರೆ ಮೇಲಕ್ಕೆ ಹೋಗಿರುತ್ತದೆ.