ಅರ್ಧ ಗಂಟೆಯ ಆವನಿ

ಜರ್ಮನಿಯಲ್ಲಿ ಕೆಲಸಕ್ಕಿರುವ ನಮ್ಮ ಹುಡುಗ ಹುಡುಗಿಯರು ವಾರಾಂತ್ಯಕ್ಕೆ ಗುಂಪು ಕಟ್ಟಿಕೊಂಡು ರೋಥೆನ್‌ಬುರ್ಗ್‌ನಂಥ ಹಳೆಯ ಊರಿಗೆ ಹೋದರೆ ರಾತ್ರಿ ಅಲ್ಲೇ ತಂಗುತ್ತಾರೆ. ಕೋಟೆಗೋಡೆಯ ಮೇಲೆ ನಡೆಯುತ್ತಾರೆ, ಕತ್ತಲಾದ ಮೇಲೆ ಲಾಂದ್ರ ಹಿಡಿದ ಕಾವಲುಗಾರನ ವೇಷದವನ ಹಿಂದೆ ಬೀದಿ ಸುತ್ತುತ್ತಾ ಊರಿನ ಕಥೆ ಕೇಳುತ್ತಾರೆ. ಅದೇ ಮಂದಿ ರಜೆಗೆ ಬೆಂಗಳೂರಿಗೆ ಬಂದಾಗ ಕೋಲಾರ ಜಿಲ್ಲೆಯ ಕೋಟಿಲಿಂಗ, ಮುಳಬಾಗಿಲಿನ ಆಂಜನೇಯ, ಕುರುಡುಮಲೆಯ ಗಣಪ, ಆವನಿಯ ಗುಡಿಗಳು ಎಲ್ಲವನ್ನೂ ಒಂದೇ ಹಗಲಿಗೆ ತುರುಕುತ್ತಾರೆ. ಆವನಿಯ ಪಾಲಿಗೆ ಬರುವುದು ಅರ್ಧ ಗಂಟೆ. ಹಿತ್ತಲ ಗಿಡ ಮದ್ದಲ್ಲ ಎಂದು ಅವರನ್ನು ಹಂಗಿಸುವುದು ಸುಲಭ. ಆದರೆ ಹೊರನಾಡಿನ ಮೋಹಕ್ಕಿಂತ ದೊಡ್ಡ ಕಾರಣ ಬೇರೆಯಿದೆ: ಅಲ್ಲಿನ ಊರು ಬಂದವರೊಡನೆ ಮಾತಾಡುತ್ತದೆ, ಇಲ್ಲಿನದು ಬಾಯಿ ಬಿಡುವುದಿಲ್ಲ.

ಹಳಮೆಯಲ್ಲಿ ಆವನಿಯೇನೂ ಹಿಂದಿಲ್ಲ. ರೋಥೆನ್‌ಬುರ್ಗ್‌ನ ಗೋಡೆಯ ಒಂದಷ್ಟು ಭಾಗ 1945ರ ಬಾಂಬ್ ದಾಳಿಯಲ್ಲಿ ಬಿದ್ದು, ಆಮೇಲೆ ಜನರ ದೇಣಿಗೆಯಿಂದ ಮತ್ತೆ ಎದ್ದದ್ದು. ಕೊಟ್ಟವರ ಹೆಸರನ್ನು ಗೋಡೆಯ ಕಲ್ಲಿನಲ್ಲೇ ಕೆತ್ತಿದ್ದಾರೆ. ಪ್ರವಾಸಿಗರು ನಿಂತು ಓದುತ್ತಾರೆ. ಮಾಡಿದವರ ಹೆಸರು ಕಲ್ಲಿಗೇರಿಸುವ ಈ ಕೆಲಸ ಆವನಿಯಲ್ಲಿ ಸಾವಿರ ವರ್ಷದ ಹಿಂದೆಯೇ ನಡೆದಿದೆ. ನೊಳಂಬರ ಕಾಲದ ತ್ರಿಭುವನಕರ್ತ ಎಂಬ ಶೈವ ಯತಿ ಈ ಸ್ಥಾನವನ್ನು 40 ವರ್ಷ ಆಳಿ, 50 ಗುಡಿಗಳನ್ನೂ 2 ದೊಡ್ಡ ಕೆರೆಗಳನ್ನೂ ಮಾಡಿಸಿ, 961ರಲ್ಲಿ ತೀರಿಕೊಂಡನೆಂದು ಶಾಸನ ಹೇಳುತ್ತದೆ. ದಿವಬ್ಬರಸಿ ಎಂಬ ನೊಳಂಬ ರಾಣಿಯೂ ಇಲ್ಲಿ ಗುಡಿ ಕಟ್ಟಿಸಿದವಳು. ಶಾಸನತಜ್ಞ ರೈಸ್ ಈ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಲ್ಲಿ ಅಚ್ಚು ಹಾಕಿಸಿ ನೂರು ವರ್ಷದ ಮೇಲಾಯಿತು. ಅಂದರೆ ವಿದ್ವಾಂಸರ ಕೆಲಸ ಎಂದೋ ಮುಗಿದಿದೆ. ಅದು ಗ್ರಂಥಾಲಯದ ಕಪಾಟಿನಿಂದ ಗುಡಿಯ ಅಂಗಳಕ್ಕೆ ಬರಬೇಕಷ್ಟೆ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ ನಾಲ್ವರ ಹೆಸರಿನಲ್ಲೂ ಲಿಂಗಗಳಿರುವ ಆವರಣವಿದು. ಲಕ್ಷ್ಮಣೇಶ್ವರದ ಒಳಚಾವಣಿಯಲ್ಲಿ ಉಮಾಮಹೇಶ್ವರನ ಸುತ್ತ ಅಷ್ಟದಿಕ್ಪಾಲಕರು ಕೂತಿದ್ದಾರೆ. ಹೇಳುವವರಿಲ್ಲದಿದ್ದರೆ ತಲೆಯೆತ್ತಿ ನೋಡುವವರಾರು?

ಇದು ಪೂಜೆಯ ಜಾಗ, ಕಾಲೆಳೆದುಕೊಂಡು ಅಡ್ಡಾಡುವ ಜಾಗವಲ್ಲ ಎನ್ನುವವರಿದ್ದಾರೆ. ಆವನಿ ಬೆಟ್ಟದ ಮೇಲಿನ ಸೀತೆಗೆ ಹರಕೆ ಹೊತ್ತು ಬರುವವರ ಭಕ್ತಿಗೆ ಶಾಸನ ಓದುವವರಿಂದ ಯಾವ ಊನವೂ ಇಲ್ಲ. ಶಿವರಾತ್ರಿಯ ಜಾತ್ರೆಯನ್ನೇ ತಾಳಿಕೊಳ್ಳುವ ಊರು ಹತ್ತಿಪ್ಪತ್ತು ಮಂದಿ ಕುತೂಹಲಿಗಳಿಗೆ ಬೆಚ್ಚುವುದೂ ಇಲ್ಲ. ಭಾನುವಾರದ ನಂದಿಬೆಟ್ಟದಂತೆ ಇದೂ ಕಾರುಗಳ ಸಂತೆಯಾದೀತು ಎಂಬ ಇನ್ನೊಂದು ಭಯವನ್ನು ಮಾತ್ರ ತಳ್ಳಿಹಾಕಲಾರೆ. ಆದರೆ ಜಾಗ ಕೆಡಿಸುವುದು ಸೂರ್ಯೋದಯದ ಫೋಟೊ ಹೊಡೆದು ಬಾಟಲಿ ಎಸೆದು ಓಡುವ ಗಡಿಬಿಡಿ. ಒಂದು ರಾತ್ರಿ ಉಳಿಯುವವನಿಗೆ ಊಟ ಹಾಕುವ ಮನೆ ಬೇಕಾಗುತ್ತದೆ, ದಾರಿ ತೋರುವ ಊರಿನ ಹುಡುಗ ಬೇಕಾಗುತ್ತಾನೆ. ಅವರ ಮುಖ ನೋಡಿದವನು ಅಷ್ಟು ಸಲೀಸಾಗಿ ಕಸ ಚೆಲ್ಲಲಾರ. ಪುರಾತತ್ವ ಇಲಾಖೆಯೂ ಪಂಚಾಯಿತಿಯೂ ಕೂಡಿ ಶಾಸನದ ಮಗ್ಗುಲಲ್ಲೇ ಅದರ ಹೊಸಗನ್ನಡದ ಪಾಠ ನಿಲ್ಲಿಸಲಿ, ಊರಿನ ನಾಲ್ಕು ಮಕ್ಕಳಿಗೆ ಅದನ್ನು ಓದಿ ಹೇಳಲು ಕಲಿಸಲಿ. ತ್ರಿಭುವನಕರ್ತನ ಐವತ್ತು ಗುಡಿಗಳಲ್ಲಿ ಉಳಿದವೆಷ್ಟು, ಆ ಎರಡು ಕೆರೆ ಯಾವುವು ಎಂದು ಅವರೊಡನೆ ಹುಡುಕಿಕೊಂಡು ಹೊರಟ ಗೆಳೆಯರ ಗುಂಪಿಗೆ ಶನಿವಾರವೊಂದೇ ಸಾಲದು.