ದೇವರು ನೋಡಿಕೊಳ್ಳಲಿ

ಒಡಹುಟ್ಟಿದವರ ನಡುವೆ ಪಾಲುಪಟ್ಟಿಯಾಗಿ, ಆಡಬಾರದ ಮಾತುಗಳನ್ನೆಲ್ಲ ಆಡಿ ಮುಗಿದ ಮೇಲೆ, ನಮ್ಮ ಮನೆಗಳಲ್ಲಿ ಕಟ್ಟಕಡೆಗೆ ಕೇಳಿಬರುವ ಮಾತು ‘ದೇವರು ನೋಡಿಕೊಳ್ಳಲಿ’ ಎಂಬುದು. ಕರಾವಳಿ ಮಲೆನಾಡುಗಳಲ್ಲಿ ಅದು ಧರ್ಮಸ್ಥಳದ ಮಂಜುನಾಥನ ಹೆಸರು ಹಿಡಿದು ಆಣೆಯ ರೂಪವನ್ನು ತಾಳುವುದೂ ಉಂಟು. ಮೇಲುನೋಟಕ್ಕೆ ಇದು ಶರಣಾಗತಿಯ ವಾಕ್ಯ. ಆಡಿದವರ ಕಂಠಸ್ವರವನ್ನು ಗಮನಿಸಿದರೆ ಬಹುಮಟ್ಟಿಗೆ ಶಾಪ. ತೀರ್ಪನ್ನು ತಾನೇ ಬರೆದಿಟ್ಟು, ಅದರ ಜಾರಿಯನ್ನಷ್ಟೇ ಭಗವಂತನಿಗೆ ಒಪ್ಪಿಸಿ, ಗೋಡೆಯಾಚೆಯ ಮನೆಯಲ್ಲಿ ಹಸು ಸತ್ತರೂ ಮಗಳ ಸಂಬಂಧ ಮುರಿದರೂ ‘ದೇವರು ಕಡೆಗೂ ಕಣ್ಣು ಬಿಟ್ಟ’ ಎಂದು ಲೆಕ್ಕವಿಡುತ್ತ ಕುಳಿತಿರುವುದನ್ನು ದೈವಶ್ರದ್ಧೆಯೆನ್ನಲು ನನ್ನ ಮನಸ್ಸೊಪ್ಪದು. ದೇವರ ಕಾಲವನ್ನು ನಂಬುವವನು ಮೊದಲು ಬಿಟ್ಟುಕೊಡಬೇಕಾದುದು ತಾನು ಬರೆದಿಟ್ಟ ಆ ತೀರ್ಪನ್ನೇ.

ಇದನ್ನು ಯೋಚಿಸಿದಾಗಲೆಲ್ಲ ನನಗೆ ಶ್ರವಣಬೆಳಗೊಳದ ಬೆಟ್ಟ ನೆನಪಾಗುತ್ತದೆ. ಚಾವುಂಡರಾಯನು 981ರ ಸುಮಾರಿಗೆ ಮಾಡಿಸಿದ, ಸುಮಾರು 58 ಅಡಿ ಎತ್ತರದ ಬಾಹುಬಲಿಯ ಆ ಮೂರ್ತಿಯ ನಿರಾಕುಲವಾದ ಮುಖಕ್ಕೆ ಬೆರಗಾಗುವ ನಾವು, ಅದು ಅಣ್ಣತಮ್ಮಂದಿರ ಕಲಹವೊಂದರ ಕೊನೆಯಲ್ಲಿ ಮೂಡಿದ ಮುಖವೆಂಬುದನ್ನು ಮರೆಯುತ್ತೇವೆ. ಪಂಪನು 941ರಲ್ಲಿ ‘ಆದಿಪುರಾಣ’ದ ಮೂಲಕ ಕನ್ನಡಕ್ಕೆ ತಂದ ಆ ಕಥೆಯಲ್ಲಿ, ದೃಷ್ಟಿಯುದ್ಧ ಜಲಯುದ್ಧ ಮಲ್ಲಯುದ್ಧಗಳು ಮೂರರಲ್ಲಿಯೂ ಭರತನನ್ನು ಗೆದ್ದು, ಅಣ್ಣ ಪ್ರಯೋಗಿಸಿದ ಚಕ್ರರತ್ನವೂ ತನ್ನನ್ನು ಬಲವಂದು ನಿಂತಮೇಲೆ, ಕೈಗೆ ಬಂದ ರಾಜ್ಯವನ್ನು ಬಿಟ್ಟು ಬಾಹುಬಲಿಯು ತಪಸ್ಸಿಗೆ ನಡೆಯುತ್ತಾನೆ. ವರ್ಷ ಕಳೆಯಿತು, ಮೈಗೆ ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು, ಕೇವಲಜ್ಞಾನ ಮಾತ್ರ ಉದಿಸಲಿಲ್ಲ. ತಾನು ನಿಂತ ನೆಲ ಭರತನದಲ್ಲವೆ ಎಂಬ ಮುಳ್ಳೊಂದು ಎದೆಯಲ್ಲಿ ಉಳಿದಿತ್ತೆಂದು ನಮ್ಮ ನಾಡಿನಲ್ಲಿ ಹೇಳುತ್ತ ಬಂದಿದ್ದಾರೆ. ಸಮಸ್ತ ಭೂಮಂಡಲವನ್ನು ಬಿಟ್ಟುಬಂದವನಿಗೆ ಎರಡು ಪಾದಗಳಷ್ಟು ನೆಲದ ನೆನಪನ್ನು ಬಿಡಲಾಗಲಿಲ್ಲ! ಜೈನರು ಫಲವನ್ನು ಹಂಚುವ ಈಶ್ವರನನ್ನು ಒಪ್ಪುವುದಿಲ್ಲವೆಂಬುದನ್ನು ನಾನು ಬಲ್ಲೆ; ಆದರೆ ಅವರು ‘ಕಾಲಲಬ್ಧಿ’ಯೆಂದು ಕರೆಯುವ ಪಕ್ವತೆಗೂ, ನಮ್ಮ ಹಿರಿಯರು ‘ಕಾಲ ಕೂಡಿ ಬರಬೇಕು’ ಎನ್ನುತ್ತಿದ್ದುದಕ್ಕೂ ಬಹಳ ದೂರವಿಲ್ಲ.

ಆ ಮುಳ್ಳು ಹೋದುದು ಭರತನು ತಾನಾಗಿ ಬಂದು ನಮಸ್ಕರಿಸಿದಾಗ ಎಂಬುದನ್ನು ನಾವು ಒತ್ತಿ ಹೇಳಬೇಕು. ಏಕೆಂದರೆ ತಾಳ್ಮೆಯ ಉಪದೇಶವೆಲ್ಲ ನಮ್ಮಲ್ಲಿ ನೊಂದವರ ಪಾಲಿಗೇ ಬೀಳುತ್ತದೆ. ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ಪಡೆದ ಹೆಣ್ಣುಮಗಳು ಅದನ್ನು ಬಾಯಿಬಿಟ್ಟು ಕೇಳಿದೊಡನೆ, ‘ತವರು ಬೇಡವೇನಮ್ಮ, ದೇವರು ನಿನಗೆ ಕೊಟ್ಟಿಲ್ಲವೆ?’ ಎನ್ನುವವರು, ಕಹಿಯನ್ನು ಬಿಡು ಎಂಬ ಮಾತಿನ ಮರೆಯಲ್ಲಿ ಹಕ್ಕನ್ನು ಬಿಡು ಎನ್ನುತ್ತಿರುತ್ತಾರೆ. ದಾವೆ ಹೂಡಿಯೂ ದ್ವೇಷವಿಲ್ಲದಿರಬಹುದು. ದಾವೆಯೇ ಇಲ್ಲದೆ ನಲವತ್ತು ವರ್ಷ ವಿಷ ಕಾರಬಹುದು.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ತಪ್ಪು ನಮ್ಮ ತಂದೆಯವರದು: ಕೆರೆ ಕೆಳಗಿನ ಗದ್ದೆಯ ವಿಷಯದಲ್ಲಿ ಅಣ್ಣನಿಗೆ ತಿಳಿಸದೆ ಕಾಗದ ಮಾಡಿಸಿಕೊಂಡಿದ್ದರು. ಹಜಾರಕ್ಕೆ ಅಡ್ಡಗೋಡೆ ಬಂತು. ಒಂದೇ ತಿಥಿಯಂದು ಒಬ್ಬನೇ ಅಜ್ಜನ ಶ್ರಾದ್ಧ ಎರಡು ಅಡುಗೆಮನೆಗಳಲ್ಲಿ ನಡೆಯಿತು. ಯಾರ ಪಾಲಿಗೂ ಬರೆಯದೆ ಬಿಟ್ಟುಹೋದ, ಅಜ್ಜಿಯ ಹೆಸರು ಕೊರೆದಿದ್ದ ತಾಮ್ರದ ಹಂಡೆಯೊಂದು ಜಗಲಿಯ ಮೂಲೆಯಲ್ಲಿ ಬೋರಲು ಬಿದ್ದು ಹಸಿರು ಕಿಲುಬು ಹಿಡಿಯಿತು. ಮೂರನೆಯ ವರ್ಷ ತಂದೆಯವರು ಹೇಳಿಕಳುಹಿಸಿದರು; ದೊಡ್ಡಪ್ಪ ಬಾಗಿಲು ತೆರೆಯಲಿಲ್ಲ. ಆದರೆ ಆ ದೊಡ್ಡಪ್ಪ, ಗೋಡೆಯಾಚೆಗೆ ಆಡಲು ಹೋಗುತ್ತಿದ್ದ ನಮಗೆ ತಿಂಡಿ ಕೊಟ್ಟು, ನಮ್ಮ ತಂದೆಯ ವಿಷಯವಾಗಿ ಒಂದು ದಿನವೂ ಒಂದು ಕೆಟ್ಟ ಮಾತನ್ನಾಡಲಿಲ್ಲವೆಂಬುದು ನನಗೆ ಅರ್ಥವಾಗಲು ನಾನೇ ಮಕ್ಕಳ ತಂದೆಯಾಗಬೇಕಾಯಿತು. ಬಾಗಿಲು ತೆರೆಯುವ ಮೊದಲೇ ಅವರೊಳಗಿನ ಕಹಿ ಇಳಿಯುತ್ತಲಿದ್ದಿತು. ಅದಕ್ಕೆ ಬೇಕಾದಷ್ಟು ಕಾಲವನ್ನು ಅವರೂ ಅವಸರಪಡಿಸಲಿಲ್ಲ, ದೇವರೂ ಅವಸರಪಡಿಸಲಿಲ್ಲ.

ಹನ್ನೊಂದನೆಯ ವರ್ಷ, ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದ ದಿನ, ತಂದೆಯವರು ಗದ್ದೆಯ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಜಗಲಿಗೆ ಬಂದು, ಯಾರನ್ನೂ ಕರೆಯದೆ, ಹುಣಸೆಹಣ್ಣು ಬೂದಿ ಹಾಕಿ ಆ ಹಂಡೆಯನ್ನು ತಿಕ್ಕತೊಡಗಿದರು. ಬಹಳ ಹೊತ್ತಾಯಿತು. ಒಳಗಿನಿಂದ ದೊಡ್ಡಪ್ಪ ಬಂದು ಬಾಗಿಲಲ್ಲಿ ನಿಂತರು. ಹಂಡೆಯನ್ನೊಮ್ಮೆ, ತಮ್ಮನ ನೆನೆದ ಕೈಗಳನ್ನೊಮ್ಮೆ ನೋಡಿ, ‘ತಳ ಹಾಗೇ ಇದೆಯಲ್ಲೋ’ ಎಂದು ಪಕ್ಕದಲ್ಲಿ ಕುಳಿತರು. ದೊಡ್ಡಮ್ಮ ಹಂಡೆಯ ಕೊರಳಿಗೆ ಸುತ್ತಲು ಹಿಂಡ್ಲೆಕಾಯಿ ಬಳ್ಳಿ ತರಲು ಹಿತ್ತಲಿಗೆ ಹೋದರು.