ಬಿಟ್ಟಿ ಎಂದರೆ ನಿಜಕ್ಕೂ ಬಿಟ್ಟಿಯಾಗಿರುವ ಆಟಗಳು

ದಿನವೂ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವನು ನಾನು. ಅಕ್ಕಪಕ್ಕದವರ ಮೊಬೈಲಿನಲ್ಲಿ ಕಾಣುವುದೆಲ್ಲ ಒಂದೇ ಬಗೆಯ ಆಟ. ಎರಡು ನಿಮಿಷ ಆಡಿದರೆ ಅರ್ಧ ನಿಮಿಷ ಜಾಹೀರಾತು. ಎಂಟನೇ ತರಗತಿಯ ನನ್ನ ಮಗಳೂ ಅಂಥದ್ದನ್ನೇ ಆಡುತ್ತಿದ್ದಳು. ಒಂದು ಸಂಜೆ ಬಂದು, ‘ಅಪ್ಪಾ, ಈ ಲೆವೆಲ್ ದಾಟೋಕೆ ನೂರೈವತ್ತು ರೂಪಾಯಿ ಕೇಳ್ತಿದೆ’ ಎಂದಳು. ಮಗು ಸೋಲಲಿ, ಸೋತು ದುಡ್ಡು ಕೊಡಲಿ ಎಂದೇ ಕಟ್ಟಿದ ಆಟವನ್ನು ಉಚಿತ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅದನ್ನು ತೆಗೆಸಿ ‘ಶ್ಯಾಟರ್ಡ್ ಪಿಕ್ಸೆಲ್ ಡಂಜನ್’ ಹಾಕಿಕೊಟ್ಟೆ. ಒಲೆಗ್ ಡೋಲ್ಯಾ ಎಂಬುವರು ‘ಪಿಕ್ಸೆಲ್ ಡಂಜನ್’ ಮಾಡಿ ಅದರ ಸೋರ್ಸ್ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಅದರ ಮೇಲೆ ಇವಾನ್ ಡೆಬೆನ್‌ಹ್ಯಾಮ್ 2014ರಿಂದ ಈ ಆಟ ಬೆಳೆಸುತ್ತ ಬಂದಿದ್ದಾರೆ. ಆಂಡ್ರಾಯ್ಡ್ ಫೋನಿನಲ್ಲಿ ಇದಕ್ಕೆ ಕಾಸಿಲ್ಲ, ಜಾಹೀರಾತಿಲ್ಲ. ಆಡಲು ನೆಟ್ ಕೂಡ ಬೇಡ. ನೆಲದಡಿಯ ಅಂತಸ್ತುಗಳನ್ನು ಒಂದೊಂದಾಗಿ ಇಳಿಯಬೇಕು: ಮೊದಲು ಚರಂಡಿ, ಆಮೇಲೆ ಸೆರೆಮನೆ, ಅದರ ಕೆಳಗೆ ಗುಹೆ. ನಾವು ಹೆಜ್ಜೆ ಇಡುವವರೆಗೆ ಶತ್ರುವೂ ಕದಲುವುದಿಲ್ಲ. ಹಾಗಾಗಿ ಚದುರಂಗದಂತೆ ಕೂತು ಯೋಚಿಸಬಹುದು. ಸ್ಟೇಷನ್ ಬಂದರೆ ಜೇಬಿಗಿಟ್ಟು ಇಳಿಯಬಹುದು.

ದಾರಿಯಲ್ಲಿ ಬಣ್ಣಬಣ್ಣದ ಮದ್ದಿನ ಸೀಸೆಗಳು ಸಿಗುತ್ತವೆ. ಯಾವುದರಲ್ಲಿ ಏನಿದೆ ಎಂಬುದು ಸಾಮಾನ್ಯವಾಗಿ ಕುಡಿದ ಮೇಲೆಯೇ ತಿಳಿಯುವುದು, ಹೊಸ ಆಟಕ್ಕೆ ಬಣ್ಣಗಳೂ ಅದಲುಬದಲು. ಮಗಳು ಮೊದಲ ದಿನವೇ ಬೆಂಕಿಯ ಮದ್ದು ಕುಡಿದು ಸುಟ್ಟುಹೋದಳು. ಸತ್ತರೆ ಮತ್ತೆ ಮೊದಲಿನಿಂದ! ಅತ್ತಳು. ಮರುದಿನ ತಾನಾಗಿಯೇ ಕಂಡುಕೊಂಡಳು: ಮೈಗೆ ಬೆಂಕಿ ಹತ್ತಿದಾಗ ನೀರಿಗಿಳಿದರೆ ಆರುತ್ತದೆ. ಈಗ ಗೊತ್ತಿಲ್ಲದ ಸೀಸೆಯನ್ನು ನೀರಿನ ಪಕ್ಕ ನಿಂತೇ ತೆರೆಯುತ್ತಾಳೆ. ಆ ಬುದ್ಧಿಗೆ ಯಾರೂ ನೂರೈವತ್ತು ರೂಪಾಯಿ ಕೇಳಲಿಲ್ಲ.

ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ‘ಕೇವ್ ಸ್ಟೋರಿ’ ಆಡಿ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ. ಜಪಾನಿನ ಡೈಸುಕೆ ಅಮಾಯಾ ಬಿಡುವಿನ ಹೊತ್ತಿನಲ್ಲಿ ಐದು ವರ್ಷ ಕೂತು ಕಥೆ, ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲವನ್ನೂ ಒಬ್ಬರೇ ಮಾಡಿ, 2004ರ ಡಿಸೆಂಬರಿನಲ್ಲಿ ಉಚಿತವಾಗಿ ಕೊಟ್ಟರು. ಅದನ್ನು ಮೆಚ್ಚಿದವರೇ ಇಂಗ್ಲಿಷಿಗೆ ತಂದರು. ನೆನಪು ಕಳೆದುಕೊಂಡ ಒಬ್ಬ ಗುಹೆಯಲ್ಲಿ ಎಚ್ಚರಗೊಳ್ಳುತ್ತಾನೆ, ಮೊಲದಂಥ ಮಿಮಿಗಾಗಳ ಹಳ್ಳಿ ಸೇರುತ್ತಾನೆ. ಪೆಟ್ಟು ತಿಂದರೆ ಪ್ರಾಣವಷ್ಟೇ ಅಲ್ಲ, ಕೈಯಲ್ಲಿರುವ ಆಯುಧದ ಬಲವೂ ಕುಗ್ಗುತ್ತದೆ. ಆದ್ದರಿಂದ ಮುನ್ನುಗ್ಗುವುದಕ್ಕಿಂತ ತಪ್ಪಿಸಿಕೊಳ್ಳುವುದನ್ನು ಕಲಿಯಬೇಕು. ಒಂದು ಎಚ್ಚರಿಕೆ: ಹೆಸರಿನ ಜೊತೆ ‘ಪ್ಲಸ್’ ಇರುವುದು ದುಡ್ಡಿನ ಆವೃತ್ತಿ. ಹಳೆಯದು ಇವತ್ತಿಗೂ ಉಚಿತ.

ರಜೆಗೆ ಅಕ್ಕನ ಮಕ್ಕಳು ಬಂದಾಗ ‘ಸೂಪರ್‌ಟಕ್ಸ್‌ಕಾರ್ಟ್’ ಸಾಕು. ಒಂದೇ ಪರದೆಯನ್ನು ಪಾಲುಮಾಡಿಕೊಂಡು ರೇಸು ಓಡಿಸುತ್ತ ಮನೆಯೆಲ್ಲ ಗದ್ದಲವೆಬ್ಬಿಸುತ್ತಾರೆ.

ಮೊಬೈಲ್ ಕಸಿದುಕೊಳ್ಳುವುದೇ ಪರಿಹಾರ ಎನ್ನುವ ತಂದೆತಾಯಿಗಳಿಗೆ ನನ್ನದೊಂದು ಬಿನ್ನಹ. ಈ ಭಾನುವಾರ ನಿಮ್ಮ ಮಗು ಆಡುವ ಆಟವನ್ನು ಹತ್ತು ನಿಮಿಷ ನೀವೇ ಆಡಿ. ಜಾಹೀರಾತು ಎಷ್ಟು ಸಲ ಬಂತು, ದುಡ್ಡು ಎಷ್ಟು ಸಲ ಕೇಳಿತು ಎಂದು ಎಣಿಸಿ. ಆಮೇಲೆ ಇವುಗಳಲ್ಲಿ ಒಂದನ್ನು ಹಾಕಿಕೊಟ್ಟು, ಮಗುವಿನ ಪಕ್ಕದಲ್ಲೇ ಕೂತು ಒಂದಾಟ ಆಡಿ.